ಒಂದು ಪ್ಯಾಚ್ ಇನ್ನೊಂದನ್ನು ಕಾಯುವಾಗ

ಎಲ್ಲರಿಗೂ ನಮಸ್ಕಾರ.

ಒಂದು ಪ್ಯಾಚ್, ಅಂದರೆ ಕೋಡ್‌ಗೆ ಮಾಡುವ ಒಂದು ಬದಲಾವಣೆ, ಇನ್ನೊಂದನ್ನು ಕಾಯಬೇಕಾದರೆ ಏನು ಮಾಡುವುದು ಅನ್ನುವುದೇ ಇವತ್ತಿನ ವಿಷಯ. ಫೋನಿನೊಳಗಿನ ಒಂದು ಪುಟ್ಟ ಚಿಪ್‌ನಿಂದ ಶುರು ಮಾಡುತ್ತೇನೆ. ಪ್ರೊಸೆಸರ್‌ಗೆ, ಮೆಮೊರಿಗೆ ತಕ್ಕ ವೋಲ್ಟೇಜ್ ಕೊಡುವುದು, ಬ್ಯಾಟರಿ ಚಾರ್ಜ್ ಮಾಡುವುದು, ಗಡಿಯಾರ ನಡೆಸುವುದು, ಎಲ್ಲ ಇದರದೇ ಕೆಲಸ. ಚಿಪ್ ಒಂದೇ. ಆದರೆ ಆಪರೇಟಿಂಗ್ ಸಿಸ್ಟಂನ ತಿರುಳಾದ ಲಿನಕ್ಸ್ ಕರ್ನಲ್‌ನಲ್ಲಿ ಇದರ ಕೋಡ್ ಮೂರು ನಾಲ್ಕು ಕಡೆ ಹಂಚಿಹೋಗುತ್ತದೆ. ಒಂದೊಂದು ಕಡೆಗೂ ಅದನ್ನು ನೋಡಿಕೊಳ್ಳುವ ಬೇರೆ ಮೇಂಟೇನರ್, ಅವರು ಕೋಡ್ ಇಟ್ಟುಕೊಳ್ಳುವ ಬೇರೆ ಗಿಟ್ ಟ್ರೀ.

ತೊಡಕು ಇಲ್ಲೇ. ಚಿಪ್‌ನ ರಿಜಿಸ್ಟರ್‌ಗಳ ಹೆಸರೆಲ್ಲ ಒಂದು ಹೆಡರ್ ಫೈಲ್‌ನಲ್ಲಿರುತ್ತವೆ. ಅದು ಎಂಎಫ್‌ಡಿ, ಅಂದರೆ ಹಲವು ಕೆಲಸ ಮಾಡುವ ಇಂಥ ಚಿಪ್‌ಗಳ ಟ್ರೀಗೆ ಹೋಗುತ್ತದೆ. ವೋಲ್ಟೇಜ್ ನೋಡಿಕೊಳ್ಳುವ ರೆಗ್ಯುಲೇಟರ್ ಡ್ರೈವರ್ ಇರುವುದು ಇನ್ನೊಂದು ಟ್ರೀಯಲ್ಲಿ, ಆ ಹೆಡರ್ ಇಲ್ಲದೆ ಅದು ಕಂಪೈಲ್ ಆಗುವುದೇ ಇಲ್ಲ.

‘ಕೊನೆಗೆ ಎಲ್ಲವೂ ಲಿನಕ್ಸ್ ಶುರು ಮಾಡಿದ ಲೈನಸ್ ಟೊರ್ವಾಲ್ಡ್ಸ್ ಅವರ ಮುಖ್ಯ ಟ್ರೀಗೆ ಬಂದು ಸೇರುತ್ತಲ್ಲ, ಸಾಲದಾ?’ ಅಂತ ಹೊಸಬರು ಕೇಳುತ್ತಾರೆ. ಸಾಲದು. ಬಗ್ ಎಲ್ಲಿಂದ ಬಂತು ಅಂತ ಹುಡುಕುವಾಗ ಗಿಟ್ ಬೈಸೆಕ್ಟ್ ಅನ್ನುವ ಕಮಾಂಡ್ ಕಮಿಟ್‌ಗಳ, ಅಂದರೆ ಟ್ರೀಗೆ ಸೇರಿದ ಬದಲಾವಣೆಗಳ, ಸಾಲನ್ನು ಅರ್ಧರ್ಧ ಮಾಡುತ್ತಾ ಹೋಗುತ್ತದೆ. 16,000 ಕಮಿಟ್ ಇದ್ದರೂ ಸುಮಾರು 14 ಸಲ ಬಿಲ್ಡ್ ಮಾಡಿ ನೋಡಿದರೆ ಸಾಕು. ನಡುವೆ ಹೆಡರ್ ಇಲ್ಲದೆ ಕಂಪೈಲ್ ಆಗದ ಕಮಿಟ್ ಸಿಕ್ಕರೆ? ಅದನ್ನು ಬರೆದವರಿಗೆ ಏನೂ ಗೊತ್ತಾಗುವುದಿಲ್ಲ. ಇನ್ಯಾವುದೋ ಬಗ್ ಹಿಂದೆ ಬಿದ್ದವರು ರಾತ್ರಿಯೆಲ್ಲ ಒದ್ದಾಡಬೇಕಾಗುತ್ತದೆ. ನನಗಂತೂ ಇದು ಅನ್ಯಾಯ ಅನ್ನಿಸುತ್ತದೆ.

ಪ್ಯಾಚ್‌ಗಳ ಇಡೀ ಸರಣಿಯನ್ನು ಒಬ್ಬರೇ ಮೇಂಟೇನರ್ ತೆಗೆದುಕೊಂಡು, ಉಳಿದವರು ‘ಆಕ್ಡ್-ಬೈ’ ಅಂತ ಒಪ್ಪಿಗೆ ಕೊಟ್ಟರೆ ಕೆಲಸ ಸುಲಭ. ಅವಸರ ಇಲ್ಲದಿದ್ದರೆ ಹೆಡರ್ ಮೊದಲು ಸೇರಲಿ ಅಂತ ಕರ್ನಲ್‌ನ ಒಂದು ಬಿಡುಗಡೆ ಕಾಯಬಹುದು, ಅಂದರೆ ಒಂಬತ್ತು ಹತ್ತು ವಾರ. ಆದರೆ ರೆಗ್ಯುಲೇಟರ್ ಟ್ರೀಯಲ್ಲೂ ಅದೇ ಸಾಲುಗಳು ಆಗಲೇ ಬದಲಾಗುತ್ತಿದ್ದರೆ ಇವೆರಡೂ ಕಷ್ಟ. ಆಗ ಬೇಕಾಗುವುದು ಇಮ್ಯೂಟಬಲ್ ಬ್ರಾಂಚ್, ಅಂದರೆ ಒಮ್ಮೆ ಕೊಟ್ಟ ಮೇಲೆ ಬದಲಾಯಿಸದ ಕವಲು.

ಎಂಎಫ್‌ಡಿ ಮೇಂಟೇನರ್ ಆರ್‌ಸಿ1ರ, ಅಂದರೆ ಬರಲಿರುವ ಬಿಡುಗಡೆಯ ಮೊದಲ ಪರೀಕ್ಷಾ ಆವೃತ್ತಿಯ, ಮೇಲೆ ಒಂದು ಚಿಕ್ಕ ಬ್ರಾಂಚ್ ಮಾಡುತ್ತಾರೆ. ಬೇಕಾದ ಎರಡು ಮೂರು ಪ್ಯಾಚ್ ಮಾತ್ರ ಅದರಲ್ಲಿ ಹಾಕಿ, ಸಹಿ ಇರುವ ಟ್ಯಾಗ್ ಕೊಡುತ್ತಾರೆ. ಅವರೂ ರೆಗ್ಯುಲೇಟರ್ ಮೇಂಟೇನರೂ ಅದನ್ನೇ ತಮ್ಮ ಟ್ರೀಗೆ ಮರ್ಜ್ ಮಾಡಿಕೊಳ್ಳುತ್ತಾರೆ. ಎರಡೂ ಕಡೆ ಕಮಿಟ್ ಹ್ಯಾಶ್, ಅಂದರೆ ಕಮಿಟ್‌ನ ಗುರುತಿನ ಸಂಖ್ಯೆ, ಒಂದೇ. ಹಾಗಾಗಿ ಟೊರ್ವಾಲ್ಡ್ಸ್ ಯಾರದನ್ನು ಮೊದಲು ಎಳೆದುಕೊಂಡರೂ ತೊಂದರೆ ಇಲ್ಲ. ಅದೇ ಪ್ಯಾಚನ್ನು ಇಬ್ಬರೂ ಬೇರೆ ಬೇರೆಯಾಗಿ ಹಾಕಿಕೊಂಡಿದ್ದರೆ ಹ್ಯಾಶ್ ಬೇರೆಯಾಗಿ, ಒಂದೇ ಬದಲಾವಣೆ ಇತಿಹಾಸದಲ್ಲಿ ಎರಡು ಸಲ ಕೂರುತ್ತಿತ್ತು. ಕೊಟ್ಟ ಮೇಲೆ ಆ ಬ್ರಾಂಚನ್ನು ರಿಬೇಸ್ ಮಾಡುವ, ಅಂದರೆ ಅದರ ಕಮಿಟ್‌ಗಳನ್ನು ಹೊಸದಾಗಿ ಬರೆಯುವ, ಹಾಗಿಲ್ಲ. ತಪ್ಪು ಕಂಡರೆ ಅದರ ಮೇಲೆ ಹೊಸ ಪ್ಯಾಚ್ ಹಾಕಬೇಕು, ಅಷ್ಟೇ. ಕೊಟ್ಟ ಮಾತು ಅಲ್ವಾ ಅದು! ಇನ್ನೊಬ್ಬರು ಅದನ್ನು ನಂಬಿ ಆಗಲೇ ತಮ್ಮ ಕೆಲಸ ಮುಂದುವರಿಸಿರುತ್ತಾರೆ.

ಇಷ್ಟೆಲ್ಲ ಮಾಡಿದರೂ ಘರ್ಷಣೆ ಉಳಿದಿದ್ದರೆ ಲಿನಕ್ಸ್-ನೆಕ್ಸ್ಟ್‌ನಲ್ಲಿ ಕಾಣುತ್ತದೆ. 2008ರಲ್ಲಿ ಸ್ಟೀಫನ್ ರಾಥ್‌ವೆಲ್ ಶುರು ಮಾಡಿದ ಟ್ರೀ ಅದು. ಟೊರ್ವಾಲ್ಡ್ಸ್ ಹೊಸ ಬದಲಾವಣೆಗಳನ್ನು ಎಳೆದುಕೊಳ್ಳುವ ಅವಧಿಯಾದ ಮರ್ಜ್ ವಿಂಡೋಗೆ ಮೊದಲೇ ನೂರಾರು ಟ್ರೀಗಳು ಅಲ್ಲಿ ಒಟ್ಟಿಗೆ ಸೇರುತ್ತವೆ.

ನಿಮ್ಮ ಪಾಲಿನ ಕೆಲಸ ಮಾತ್ರ ಇದಕ್ಕಿಂತ ಮುಂಚಿನದು. ಸರಣಿಯ ಜೊತೆ ಕಳಿಸುವ ಪರಿಚಯ ಪತ್ರದಲ್ಲಿ, ಅಂದರೆ ಕವರ್ ಲೆಟರ್‌ನಲ್ಲಿ, ಎರಡು ಸಾಲು ಬರೆಯಿರಿ: ‘ಮೂರನೇ ಪ್ಯಾಚ್ ಒಂದನೆಯದನ್ನು ಅವಲಂಬಿಸಿದೆ. ನಾಲ್ಕನೆಯದನ್ನು ಬೇರೆಯಾಗಿ ತೆಗೆದುಕೊಳ್ಳಬಹುದು.’ ಪ್ಯಾಚ್‌ಗಳನ್ನು ಕಳಿಸಲು ಸಿದ್ಧ ಮಾಡುವ ಗಿಟ್ ಫಾರ್ಮ್ಯಾಟ್-ಪ್ಯಾಚ್ ಕಮಾಂಡ್‌ಗೆ ಬೇಸ್ ಆಯ್ಕೆ ಕೊಟ್ಟರೆ, ಯಾವ ಕಮಿಟ್ ಮೇಲೆ ಕೆಲಸ ಮಾಡಿದ್ದೀರಿ, ಅದಕ್ಕೂ ಮೊದಲು ಯಾವ ಪ್ಯಾಚ್ ಬೇಕು ಅನ್ನುವುದನ್ನು ಅದೇ ಕೆಳಗೆ ಬರೆದುಕೊಡುತ್ತದೆ. ಬನ್ನಿ, ಟರ್ಮಿನಲ್ ತೆರೆದು ಈ ಚಿಪ್‌ನ ಸರಣಿಗೇ ಅದನ್ನು ಮಾಡಿ ನೋಡೋಣ.