ಮೂವತ್ತೊಂದು ವರ್ಷ ಕಾದವರು

ನಮಸ್ಕಾರ.

ಏಪ್ರಿಲ್ ಒಂದನೆಯ ತಾರೀಖು ಯಾರಾದರೂ ಸಿಹಿ ಸುದ್ದಿ ಹೇಳಿದರೆ ನಂಬುವುದು ಕಷ್ಟ. 2022ರಲ್ಲಿ ಅದೇ ದಿನ ರಾನ್ ಗಿಲ್ಬರ್ಟ್ ಎಂಬ ಅಮೆರಿಕದ ಹಿರಿಯ ಕಂಪ್ಯೂಟರ್ ಆಟ ರಚನಕಾರರು ತಮ್ಮ ಜಾಲತಾಣದಲ್ಲಿ ಒಂದು ಪುಟ್ಟ ಟಿಪ್ಪಣಿ ಬರೆದರು. ಹದಿನೆಂಟು ವರ್ಷಗಳಿಂದ ಈ ತಾಣದಲ್ಲಿ ಏಪ್ರಿಲ್ ಫೂಲ್ ತಮಾಷೆ ಮಾಡಿದವನಲ್ಲ, ಈಗ ಹೊಸ 'ಮಂಕಿ ಐಲೆಂಡ್' ಆಟ ಮಾಡುತ್ತಿದ್ದೇನೆ ಎಂಬುದು ಅದರ ತಾತ್ಪರ್ಯ. ಓದಿದವರೆಲ್ಲ ನಕ್ಕರು. ಕೊನೆಗೂ ಈ ಮನುಷ್ಯ ತಮಾಷೆ ಮಾಡಿಯೇಬಿಟ್ಟರಲ್ಲ ಎಂದುಕೊಂಡರು. ನಾನೂ ಹಾಗೆಯೇ ಅಂದುಕೊಂಡು ಊಟಕ್ಕೆ ಎದ್ದೆ. ಮೂರು ದಿನ ಕಳೆದ ಮೇಲೆ ಆಟದ ಚಿತ್ರತುಣುಕು ಬಿಡುಗಡೆಯಾಯಿತು. ಹೇಳಿದ್ದೆಲ್ಲ ನಿಜ.

ನಿಮ್ಮಲ್ಲಿ ಕೆಲವರಿಗೆ ಈ ಆಟದ ಹೆಸರೇ ಹೊಸದಿರಬಹುದು. ಇದೊಂದು ಅಡ್ವೆಂಚರ್ ಗೇಮ್. ಹಾಗೆಂದರೆ ಗುಂಡು ಹಾರಿಸುವ ಆಟವಲ್ಲ, ಕಾರು ಓಡಿಸುವ ಆಟವೂ ಅಲ್ಲ. ಅದು ಒಗಟುಗಳನ್ನು ಪೋಣಿಸಿದ ಕಥೆ. ಪರದೆಯ ಮೇಲಿನ ಹುಡುಗನನ್ನು ಊರೆಲ್ಲ ಅಡ್ಡಾಡಿಸಬೇಕು, ಸಿಕ್ಕವರ ಹತ್ತಿರ ಮಾತಾಡಿಸಬೇಕು, ಕೈಗೆ ಸಿಕ್ಕಿದ್ದನ್ನೆಲ್ಲ ಜೇಬಿಗೆ ಹಾಕಿಸಬೇಕು, ಆಮೇಲೆ ಯಾವುದನ್ನು ಯಾವುದಕ್ಕೆ ಬಳಸಬೇಕೆಂದು ತಲೆ ಕೆರೆದುಕೊಳ್ಳಬೇಕು. 1990ರಲ್ಲಿ ಬಂದ ಮೊದಲ ಮಂಕಿ ಐಲೆಂಡಿನಲ್ಲಿ ಒಂದು ರಬ್ಬರ್ ಕೋಳಿ ಸಿಗುತ್ತದೆ. ಅದರ ಹೊಟ್ಟೆಯ ನಡುವೆ ಒಂದು ರಾಟೆ. ಈ ಕೋಳಿಯನ್ನು ಹೊತ್ತುಕೊಂಡು ಗಂಟೆಗಟ್ಟಲೆ ತಿರುಗಿದ್ದೇನೆ. ಕೊನೆಗೊಂದು ದಿನ ಸಮುದ್ರದ ಮೇಲೆ ಎಳೆದು ಕಟ್ಟಿದ ಹಗ್ಗವೊಂದು ಕಣ್ಣಿಗೆ ಬಿತ್ತು. ಕೋಳಿಯ ರಾಟೆಯನ್ನು ಹಗ್ಗಕ್ಕೆ ಸಿಕ್ಕಿಸಿ ಜಾರಿಕೊಂಡು ಆಚೆಯ ದ್ವೀಪಕ್ಕೆ ಹೋಗುವುದು. ಹೊಳೆದ ಕ್ಷಣದಲ್ಲಿ ಬರುವ ನಗುವಿಗಾಗಿಯೇ ಈ ಜಾತಿಯ ಆಟಗಳನ್ನು ಆಡುವುದು.

ಆಟವನ್ನು ರಚಿಸಿದ್ದು ಕ್ಯಾಲಿಫೋರ್ನಿಯಾದ ಲ್ಯೂಕಾಸ್‌ಫಿಲ್ಮ್ ಗೇಮ್ಸ್ ಸಂಸ್ಥೆಯಲ್ಲಿ. ಗಿಲ್ಬರ್ಟ್ ಮುಂದಾಳು, ಅವರ ಜೊತೆ ಬರೆದವರು ಡೇವ್ ಗ್ರಾಸ್‌ಮನ್ ಮತ್ತು ಟಿಮ್ ಶೇಫರ್ ಎಂಬ ಇಬ್ಬರು ಯುವಕರು. ಕಡಲ್ಗಳ್ಳನಾಗಬೇಕೆಂದು ಹೊರಟ ಪೆದ್ದು ಹುಡುಗನೊಬ್ಬನ ಕಥೆ ಅದು. ಅವನ ಹೆಸರು ಗೈಬ್ರಷ್. ಈ ವಿಚಿತ್ರ ಹೆಸರು ಬಂದ ಬಗೆ ಇನ್ನೂ ವಿಚಿತ್ರ. ನಾಯಕನಿಗೆ ಹೆಸರು ಹೊಳೆಯದೆ ಚಿತ್ರದ ಫೈಲಿಗೆ ಸುಮ್ಮನೆ 'ಗೈ', ಅಂದರೆ 'ಒಬ್ಬ ಹುಡುಗ' ಎಂದು ಹೆಸರಿಟ್ಟಿದ್ದರು. ಆ ಕಾಲದ ಚಿತ್ರ ಬರೆಯುವ ತಂತ್ರಾಂಶದಲ್ಲಿ ಇಂಥ ತುಣುಕುಗಳಿಗೆ 'ಬ್ರಷ್' ಎನ್ನುತ್ತಿದ್ದರು. ಕಲಾವಿದ ಸ್ಟೀವ್ ಪರ್ಸೆಲ್ ಫೈಲಿನ ಹೆಸರಿನ ಬಾಲಕ್ಕೆ ಅದನ್ನೂ ಸೇರಿಸಿ ಉಳಿಸಿದರು. ಅಷ್ಟೇ, ನಾಮಕರಣ ಮುಗಿಯಿತು.

ಇದರಲ್ಲಿ ಕತ್ತಿವರಸೆಯ ಒಂದು ಭಾಗವಿದೆ. ತಾಳಮದ್ದಳೆ ಕೇಳಿ ಬೆಳೆದವರಿಗೆ ಅದು ತಟ್ಟನೆ ಹಿಡಿಸುತ್ತದೆ. ಯಾಕೆಂದರೆ ಇಲ್ಲಿ ಗೆಲ್ಲಿಸುವುದು ಕತ್ತಿಯಲ್ಲ, ಮಾತು. ಎದುರಾಳಿ ಮೂದಲಿಸುತ್ತಾನೆ: ಹಾಲು ಕರೆಯುವವನ ಹಾಗೆ ಕಾದಾಡುತ್ತೀಯಲ್ಲ! ನೀವು ಉತ್ತರ ಕೊಡಬೇಕು: ಸರಿಯಾಗಿಯೇ ಇದೆ, ನೀನು ಹಸುವಿನ ಹಾಗೆ ಕಾದಾಡುತ್ತೀಯ. ಮಾತು ತಾಗಿದರೆ ಅವನು ಹಿಂದೆ ಸರಿಯುತ್ತಾನೆ. ಮೊದಲು ದಾರಿಯಲ್ಲಿ ಸಿಕ್ಕ ಕಳ್ಳರ ಕೈಯಲ್ಲಿ ಸೋತು ಸೋತು ಬೈಗುಳಗಳನ್ನೂ ಅವುಗಳಿಗೆ ತಕ್ಕ ಉತ್ತರಗಳನ್ನೂ ಕಲಿಯಬೇಕು. ಎಲ್ಲ ಕಲಿತೆವೆಂದು ಬೀಗುತ್ತ ಕತ್ತಿವರಸೆಯ ಒಡತಿಯ ಎದುರು ನಿಂತರೆ ಅವಳು ಎಂದೂ ಕೇಳದ ಬೈಗುಳಗಳನ್ನೇ ಎಸೆಯುತ್ತಾಳೆ. ಉತ್ತರಗಳು ಮಾತ್ರ ಹಳೆಯವೇ. ಯಾವುದು ಯಾವುದಕ್ಕೆ ಒಪ್ಪುತ್ತದೆ ಎಂದು ಅಲ್ಲೇ ನಿಂತು ಹೊಂದಿಸಬೇಕು. ಒಳ್ಳೆಯ ಅರ್ಥಧಾರಿ ಮಾಡುವ ಕೆಲಸವೂ ಅದೇ ಅಲ್ಲವೇ?

ನಾನು ಇದನ್ನು ಆಡಿದ್ದು ಮೈಸೂರಿನಲ್ಲಿ, ಚಿಕ್ಕಪ್ಪನ ಮನೆಯಲ್ಲಿ. ಅಲ್ಲಿದ್ದದ್ದು ದುಡ್ಡು ಕೊಡದ ನಕಲು ಪ್ರತಿ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಆಗ ನಮಗೆ ಬೇರೆ ದಾರಿ ಗೊತ್ತಿರಲಿಲ್ಲ. ನಕಲು ತಡೆಯುವುದಕ್ಕೆಂದೇ ಆಟದ ಡಬ್ಬಿಯಲ್ಲಿ ರಟ್ಟಿನ ಚಕ್ರವೊಂದನ್ನು ಇಟ್ಟಿರುತ್ತಿದ್ದರು. ಒಂದರ ಮೇಲೊಂದು ತಿರುಗುವ ಎರಡು ಬಿಲ್ಲೆಗಳು. ಒಂದರಲ್ಲಿ ಕಳ್ಳರ ಮುಖದ ಮೇಲರ್ಧ, ಇನ್ನೊಂದರಲ್ಲಿ ಕೆಳಗಿನರ್ಧ. ಆಟ ಶುರುವಾಗುವ ಮುಂಚೆ ಪರದೆಯಲ್ಲಿ ಒಂದು ಮುಖ ಕಾಣಿಸುತ್ತದೆ. ಇವನನ್ನು ಇಂಥ ಊರಿನಲ್ಲಿ ಗಲ್ಲಿಗೇರಿಸಿದ್ದು ಯಾವ ವರ್ಷ ಎಂದು ಕೇಳುತ್ತದೆ. ಚಕ್ರ ತಿರುಗಿಸಿ ಮುಖ ಕೂಡಿಸಿದರೆ ಕಿಂಡಿಯಲ್ಲಿ ಇಸವಿ ಕಾಣುತ್ತದೆ. ಕಡಲ್ಗಳ್ಳರ ಆಟವನ್ನು ಕದಿಯದಂತೆ ಕಾಯುವುದಕ್ಕೂ ಕಡಲ್ಗಳ್ಳರೇ. ನನ್ನ ಅಣ್ಣ ಎಲ್ಲಿಂದಲೋ ಆ ಚಕ್ರದ ಜೆರಾಕ್ಸ್ ತಂದು, ಮದುವೆಯ ಕರೆಯೋಲೆಯ ರಟ್ಟಿಗೆ ಅಂಟಿಸಿ, ನಡುವೆ ಗುಂಡುಸೂಜಿ ಚುಚ್ಚಿ ಇಟ್ಟುಕೊಂಡಿದ್ದ. ಕಪ್ಪು ಬಿಳುಪಿನ ಆ ಮುಖಗಳಲ್ಲಿ ಗಡ್ಡ ಯಾವುದು, ಮಸಿ ಯಾವುದು ಎಂದು ತಿಳಿಯುತ್ತಿರಲಿಲ್ಲ.

ಎರಡನೆಯ ಆಟ ಬಂದದ್ದು 1991ರ ಕೊನೆಯಲ್ಲಿ. ಕಾಯುವ ಕಥೆ ಶುರುವಾಗುವುದು ಇಲ್ಲಿಂದ. ಕೊನೆಯ ದೃಶ್ಯದಲ್ಲಿ ಗೈಬ್ರಷ್ ತನ್ನ ಶತ್ರುವಾದ ದೆವ್ವದ ಮುಖವಾಡ ಕಳಚುತ್ತಾನೆ. ನೋಡಿದರೆ ಇಬ್ಬರೂ ಪುಟ್ಟ ಹುಡುಗರು, ಅಣ್ಣತಮ್ಮಂದಿರು! ಅಪ್ಪ ಅಮ್ಮ ಗದರಿಸಿ ಕರೆದುಕೊಂಡು ಹೊರಡುತ್ತಾರೆ. ಸುತ್ತ ಕಡಲಿಲ್ಲ, ಹಡಗಿಲ್ಲ, ಜನ ತುಂಬಿದ ಮನರಂಜನಾ ಉದ್ಯಾನ. ಹಾಗಾದರೆ ಇಷ್ಟು ಹೊತ್ತು ನಡೆದದ್ದೆಲ್ಲ ಮಕ್ಕಳಾಟವೇ? ಅಷ್ಟರಲ್ಲಿ ಅಣ್ಣನ ಕಣ್ಣು ಒಮ್ಮೆ ದೆವ್ವದ ಹಾಗೆ ಮಿನುಗುತ್ತದೆ. ಆಟ ಮುಗಿಯಿತು. ಮರುವರ್ಷವೇ ಗಿಲ್ಬರ್ಟ್ ಆ ಸಂಸ್ಥೆಯನ್ನು ಬಿಟ್ಟು, ಮಕ್ಕಳ ಆಟಗಳನ್ನು ಮಾಡುವ ಕಂಪನಿ ಕಟ್ಟಿಕೊಂಡರು. ಹಕ್ಕುಗಳು ಹಳೆಯ ಸಂಸ್ಥೆಯಲ್ಲೇ ಉಳಿದವು. ಅವರ ಮುಂದಾಳತನವಿಲ್ಲದೆಯೇ 1997ರಲ್ಲಿ, 2000ದಲ್ಲಿ, 2009ರಲ್ಲಿ ಮುಂದಿನ ಆಟಗಳು ಬಂದವು. ಕೆಲವು ಚೆನ್ನಾಗಿಯೇ ಇದ್ದವು. ಆದರೆ ಆ ಕಣ್ಣು ಯಾಕೆ ಮಿನುಗಿತು ಎಂಬುದನ್ನು ಮೂಲ ಕಥೆಗಾರರ ಬಾಯಿಂದ ಕೇಳುವ ಆಸೆ ಯಾರಿಗೂ ತೀರಲಿಲ್ಲ.

ಕಾದವರು ಸುಮ್ಮನೆ ಕೂರಲಿಲ್ಲ. ಅಭಿಮಾನ ಎಷ್ಟರಮಟ್ಟಿಗೆ ದುಡ್ಡಾಗಬಲ್ಲದು ಎಂಬುದನ್ನು ತೋರಿಸಿದ್ದು 2012. ಟಿಮ್ ಶೇಫರ್ ಹಳೆಯ ಬಗೆಯ ಒಂದು ಆಟ ಮಾಡಲು ಜನರ ಮುಂದೆ ಕೈಚಾಚಿ 4 ಲಕ್ಷ ಡಾಲರ್ ಕೇಳಿದರು. 87,000ಕ್ಕೂ ಹೆಚ್ಚು ಮಂದಿ ಸೇರಿ 33 ಲಕ್ಷ ಡಾಲರ್ ಕೊಟ್ಟರು. ಅಷ್ಟಾದರೂ ಸಾಲದೆ ಆಟವನ್ನು ಎರಡು ತುಂಡು ಮಾಡಿ 2014ರಲ್ಲಿ ಒಂದು, 2015ರಲ್ಲಿ ಇನ್ನೊಂದು ಹೊರಗೆ ತರಬೇಕಾಯಿತು. ಗಿಲ್ಬರ್ಟ್ ಕೂಡ 2014ರ ಕೊನೆಯಲ್ಲಿ ಇದೇ ದಾರಿ ಹಿಡಿದು 6 ಲಕ್ಷ ಡಾಲರ್ ದಾಟಿಸಿ, 2017ರಲ್ಲಿ ಬೇರೆಯೇ ಒಂದು ಆಟ ಕೊಟ್ಟರು. ಎಂಬತ್ತರ ದಶಕದ ಆಟಗಳಂತೆ ಚೌಕುಳಿ ಚೌಕುಳಿಯಾದ ಚಿತ್ರಗಳು. ನಮಗೆ ಹೊಟ್ಟೆ ತುಂಬಿತು, ಆದರೆ ಹಸಿವು ಬೇರೆಯದರದ್ದಾಗಿತ್ತು.

ಇನ್ನೊಂದು ಎಡವಟ್ಟನ್ನು ಗಿಲ್ಬರ್ಟ್ ತಾವೇ ಮಾಡಿಕೊಂಡಿದ್ದರು. 2013ರಲ್ಲಿ, ನಾನೇನಾದರೂ ಮತ್ತೆ ಮಂಕಿ ಐಲೆಂಡ್ ಮಾಡಿದರೆ ಹೇಗಿರುತ್ತದೆ ಎಂದು ದೊಡ್ಡ ಪಟ್ಟಿಯನ್ನೇ ಬರೆದಿದ್ದರು. ಹಳೆಯ ಕಾಲದ ಚಿತ್ರಶೈಲಿಯೇ ಇರುತ್ತದೆ ಎಂಬುದೂ ಅದರಲ್ಲಿತ್ತು. ಅಭಿಮಾನಿಗಳು ಆ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡರು.

2022ರಲ್ಲಿ ನಿಜವಾದ ಆಟದ ಚಿತ್ರಗಳು ಕಂಡಾಗ ಏನಾಯಿತೆಂದು ನೀವೇ ಊಹಿಸಬಹುದು. ಕಲಾ ನಿರ್ದೇಶಕ ರೆಕ್ಸ್ ಕ್ರೋಲ್ ಬರೆದದ್ದು ಕಾಗದ ಕತ್ತರಿಸಿ ಅಂಟಿಸಿದಂಥ, ಮೂಲೆ ಮೂಲೆ ಚೂಪಾದ, ಗಾಢ ಬಣ್ಣದ ಲೋಕ. ಗೈಬ್ರಷ್‌ನ ಮುಖ ಉದ್ದವಾಗಿತ್ತು. ನನಗೂ ಹಿಡಿಸಲಿಲ್ಲ, ಒಪ್ಪಿಕೊಳ್ಳುತ್ತೇನೆ. ಆದರೆ ಹಿಡಿಸಲಿಲ್ಲ ಎನ್ನುವುದು ಬೇರೆ, ಬಾಯಿಗೆ ಬಂದಂತೆ ಬೈಯುವುದು ಬೇರೆ. ಜೂನ್ ಕೊನೆಯ ಹೊತ್ತಿಗೆ ನಿಂದನೆ ಎಷ್ಟು ವಿಪರೀತವಾಯಿತೆಂದರೆ ಗಿಲ್ಬರ್ಟ್ ತಮ್ಮ ತಾಣದಲ್ಲಿ ಪ್ರತಿಕ್ರಿಯೆಗಳನ್ನೇ ಮುಚ್ಚಿ, ಇನ್ನು ಆಟದ ವಿಷಯ ಅಲ್ಲಿ ಬರೆಯುವುದಿಲ್ಲ ಎಂದುಬಿಟ್ಟರು. ಬೈಗುಳಕ್ಕೆ ಚುರುಕು ಉತ್ತರ ಕೊಡುವುದನ್ನು ಒಂದು ಪೀಳಿಗೆಗೇ ಕಲಿಸಿದ ಮನುಷ್ಯ! ಈ ಬೈಗುಳಗಳಲ್ಲಿ ಉತ್ತರ ಕೊಡುವಷ್ಟು ಸ್ವಾರಸ್ಯವೂ ಇರಲಿಲ್ಲ.

ಅದಕ್ಕೂ ಮೊದಲೇ ಅವರು ಕೊಟ್ಟಿದ್ದ ಒಂದು ಸಮಜಾಯಿಷಿ ನನಗೆ ಸರಿಯೆನಿಸುತ್ತದೆ. ಮೊದಲ ಎರಡು ಆಟಗಳನ್ನು ಹಳೆಯದಾಗಿ ಕಾಣಲಿ ಎಂದು ಮಾಡಿರಲಿಲ್ಲ. ಅಂದಿನ ಯಂತ್ರಗಳು ಕೊಡಬಹುದಾದ ಅತ್ಯುತ್ತಮ ಚಿತ್ರವೇ ಅದಾಗಿತ್ತು. ಅಗಲಕ್ಕೆ 320, ಎತ್ತರಕ್ಕೆ 200 ಚುಕ್ಕೆ, ಮೊದಲ ಆವೃತ್ತಿಯಲ್ಲಿ ಒಟ್ಟು 16 ಬಣ್ಣ. ರಾತ್ರಿಯ ಆಕಾಶಕ್ಕೆ ಬೇಕಾದ ನೀಲಿ ಆ ಹದಿನಾರರಲ್ಲಿ ಇರಲಿಲ್ಲವಾದ್ದರಿಂದ ಕಲಾವಿದ ಮಾರ್ಕ್ ಫೆರಾರಿ ಎರಡು ಬಣ್ಣದ ಚುಕ್ಕೆಗಳನ್ನು ರಂಗೋಲಿಯ ಹಾಗೆ ಒತ್ತೊತ್ತಾಗಿ ಇಟ್ಟು ಕಣ್ಣಿಗೆ ಮೂರನೆಯ ಬಣ್ಣ ಕಾಣಿಸುತ್ತಿದ್ದರು. ಚಿಕ್ಕಪ್ಪನ ಮನೆಯ ಗಾಜಿನ ಪರದೆಯಲ್ಲಿ ಆ ಚುಕ್ಕೆಗಳು ಕರಗಿ ನಿಜಕ್ಕೂ ಬೆಳದಿಂಗಳಾಗುತ್ತಿದ್ದವು. ನಾವು ಕಾಯುತ್ತಿದ್ದದ್ದು ಆ ಬೆಳದಿಂಗಳಿಗೆ. ಮೂವತ್ತೊಂದು ವರ್ಷ ಪ್ರತಿಯೊಬ್ಬನೂ ತನ್ನ ತಲೆಯೊಳಗೆ ಒಂದೊಂದು ಆಟ ಕಟ್ಟಿಕೊಂಡಿದ್ದ. ಗಿಲ್ಬರ್ಟ್ ಪಾಲಿಗೆ ಎದುರಾಳಿ ಬೇರೆ ಯಾವ ಕಂಪನಿಯೂ ಅಲ್ಲ, ಈ ಅದೃಶ್ಯ ಆಟಗಳು.

2022ರ ಸೆಪ್ಟೆಂಬರ್ 19ರಂದು ಆಟ ಬಿಡುಗಡೆಯಾಯಿತು. ಕಡಲ್ಗಳ್ಳರ ಹಾಗೆ ಮಾತಾಡುವ ದಿನ ಎಂದು ಹುಡುಗಾಟಕ್ಕೆ ಆಚರಿಸುವ ದಿನವದು. ಈ ಸಲ ದುಡ್ಡು ಕೊಟ್ಟೇ ಕೊಂಡೆ. ಅಣ್ಣ ಈಗ ಇರುವುದು ಪುಣೆಯಲ್ಲಿ, ಅವನೂ ಕೊಂಡಿದ್ದ. ಫೋನಿನಲ್ಲಿ ಮಾತಾಡಿಕೊಳ್ಳುತ್ತ ಇಬ್ಬರೂ ಒಟ್ಟಿಗೆ ಶುರು ಮಾಡಿದೆವು. ಕಥೆ ತೆರೆದುಕೊಂಡದ್ದು ಬೇರೆಲ್ಲೂ ಅಲ್ಲ, ಅದೇ ಉದ್ಯಾನದಲ್ಲಿ, ಅದೇ ಇಬ್ಬರು ಹುಡುಗರ ಮುಂದೆ. ಫೋನಿನ ಆ ಕಡೆ ಅಣ್ಣ ಒಂದು ಕ್ಷಣ ಮಾತಾಡಲಿಲ್ಲ.

ಚಿತ್ರಶೈಲಿಯ ಮೇಲಿನ ನನ್ನ ಮುನಿಸು ಅರ್ಧ ಗಂಟೆಯೂ ಬಾಳಲಿಲ್ಲ. ಆಟದೊಳಗೇ ಸುಳಿವು ಕೊಡುವ ಒಂದು ಪುಸ್ತಕವಿದೆ, ಸಿಕ್ಕಿಹಾಕಿಕೊಂಡಾಗ ತೆರೆದು ನೋಡಬಹುದು. ಯಾವ ಕಾರಣಕ್ಕೂ ತೆರೆಯಬಾರದೆಂದು ಅಣ್ಣನೂ ನಾನೂ ಮಾತು ಕೊಟ್ಟುಕೊಂಡೆವು. ನಾನು ಮೂರನೆಯ ದಿನ ರಾತ್ರಿ ಕದ್ದು ತೆರೆದೆ. ಮರುದಿನ ಒಂದು ಬಾಗಿಲಿನ ವಿಷಯ ಮಾತಾಡುವಾಗ ಅಣ್ಣ, ಅಷ್ಟು ಬೇಗ ಅದು ನಿನಗೆ ಹೇಗೆ ಹೊಳೆಯಿತು ಎಂದ. ಹೇಗೋ ಹೊಳೆಯಿತು ಎಂದೆ. ನನಗೂ ಹಾಗೇ ಹೊಳೆಯಿತು ಎಂದ ಅವನು, ಮತ್ತೆ ಇಬ್ಬರೂ ಆ ಮಾತು ಎತ್ತಲಿಲ್ಲ.

ನಮಸ್ಕಾರ.