ಗಾಳಿಯ ಕಣ್ಣು

ಕೇಳುಗರಿಗೆ ನಮಸ್ಕಾರ.

ಬಸ್ಸು ಹತ್ತಿದರೆ ನಮಗೆ ವಿಂಡೋ ಸೀಟೇ ಬೇಕು. ಕಂಪ್ಯೂಟರಿನ ಮುಂದೆ ಕೂತರೆ ಒಂದು ವಿಂಡೋ ಮುಚ್ಚಿ ಇನ್ನೊಂದನ್ನು ತೆರೆಯುತ್ತೇವೆ. ಇಷ್ಟು ಬಳಕೆಯ ಈ ಪದವನ್ನು ಇವತ್ತು ಸ್ವಲ್ಪ ನಿಧಾನವಾಗಿ ಹೇಳಿ ನೋಡೋಣ. ವಿಂಡ್... ಓ. ವಿಂಡ್ ಅಂದರೆ ಗಾಳಿ, ಅದು ಕೇಳಿದ ಕೂಡಲೇ ತಿಳಿಯುತ್ತದೆ. ಕೊನೆಗೆ ಉಳಿದ ಆ ‘ಓ’ ಏನು? ಅದು ಕಣ್ಣು!

ಇದು ಮೂಲದಲ್ಲಿ ಇಂಗ್ಲಿಷ್ ಪದವೇ ಅಲ್ಲ. ಉತ್ತರ ಯುರೋಪಿನ ಕಡಲಯಾನಿಗಳಾದ ವೈಕಿಂಗರು ಆಡುತ್ತಿದ್ದ ಹಳೆಯ ನಾರ್ಸ್ ಭಾಷೆಯದು. ಅವರಿಗೆ ‘ವಿಂಡ್ರ್’ ಅಂದರೆ ಗಾಳಿ, ‘ಔಗ’ ಅಂದರೆ ಕಣ್ಣು. ಎರಡೂ ಕೂಡಿ ‘ವಿಂಡೌಗ’. 9ನೇ ಶತಮಾನದಲ್ಲಿ ಅವರು ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆನಿಂತರು, ಅವರ ಮಾತು ಅಲ್ಲಿಯವರ ಮಾತಿನೊಳಗೆ ಬೆರೆಯಿತು. 13ನೇ ಶತಮಾನದ ಇಂಗ್ಲಿಷ್ ಬರಹಗಳಲ್ಲಿ ಈ ಪದ ಕಾಣುತ್ತದೆ. ಬಾಯಿಂದ ಬಾಯಿಗೆ ಸವೆದು ‘ಔಗ’ ಬರೀ ‘ಓ’ ಆಯಿತು.

ಗಾಳಿಯ ಕಣ್ಣು ಅಂತ ಯಾಕೆ ಅಂದರು? ವೈಕಿಂಗರ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಉದ್ದನೆಯ ಕತ್ತಲು ಕೋಣೆ, ನಡುವೆ ಉರಿಯುವ ಒಲೆ, ಮೇಲೆ ಮಾಡಿನಲ್ಲೊಂದು ಕಿಂಡಿ. ಗಾಜಿಲ್ಲ. ಹೊಗೆ ಹೋಗುವುದೂ ಅಲ್ಲೇ, ಬೆಳಕು ಇಳಿಯುವುದೂ ಅಲ್ಲೇ, ಚಳಿಗಾಳಿ ನುಗ್ಗುವುದೂ ಅಲ್ಲೇ. ಒಳಗೆ ಕೂತವರಿಗೆ ಅದು ಗಾಳಿಯೇ ಇಣುಕಿದಂತೆ ಕಂಡಿರಬೇಕು ಅಂತ ನನಗನ್ನಿಸುತ್ತದೆ.

ಇಂಗ್ಲಿಷರಿಗೂ ತಮ್ಮದೇ ಹಳೆಯ ಪದವೊಂದಿತ್ತು, ಅದರ ಅರ್ಥ ‘ಕಣ್ಣುತೂತು’. ಅದರಲ್ಲಿದ್ದ ‘ಥಿರ್ಲ್’, ಅಂದರೆ ತೂತು, ಮೂಗಿನ ಹೊಳ್ಳೆಗೆ ಹೇಳುವ ನಾಸ್ಟ್ರಿಲ್‌ನಲ್ಲಿ ಇಂದಿಗೂ ಅಡಗಿದೆ. ಆಮೇಲೆ ಫ್ರೆಂಚಿನಿಂದ ‘ಫೆನೆಸ್ಟರ್’ ಬಂದು 16ನೇ ಶತಮಾನದವರೆಗೂ ಬಳಕೆಯಲ್ಲಿತ್ತು. ಎರಡನ್ನೂ ದಾಟಿ ಉಳಿದದ್ದು ವೈಕಿಂಗರ ಪದ.

ಬೇರೆ ಭಾಷೆಗಳಿಗೂ ಇದೇ ಹೊಳೆದಿದೆ. ಸ್ಪ್ಯಾನಿಷಿನ ‘ವೆಂತಾನ’ದಲ್ಲಿ ಗಾಳಿ ಇದೆ, ರಷ್ಯನ್ನಿನ ‘ಅಕ್ನೋ’ದಲ್ಲಿ ಕಣ್ಣಿದೆ. ಸಂಸ್ಕೃತದಿಂದ ನಮಗೆ ಬಂದ ವಾತಾಯನವೆಂದರೆ ಗಾಳಿಯ ದಾರಿ; ಗವಾಕ್ಷವೆಂದರೆ ಗೋವಿನ ಕಣ್ಣು. ನಮ್ಮದೇ ಬೆಳಕಿಂಡಿ ಮಾತ್ರ ಬೆಳಕನ್ನು ಹಿಡಿದುಕೊಂಡಿತು. ಆ ಪದವೆಂದರೆ ನನಗೆ ತುಂಬಾ ಇಷ್ಟ.

1696ರಲ್ಲಿ ಇಂಗ್ಲೆಂಡಿನಲ್ಲಿ ಕಿಟಕಿಗಳನ್ನು ಎಣಿಸಿ ತೆರಿಗೆ ಹಾಕತೊಡಗಿದರು. ತೆರಿಗೆ ತಪ್ಪಿಸಲು ಜನ ಕಿಟಕಿಗಳಿಗೆ ಇಟ್ಟಿಗೆ ಕಟ್ಟಿಬಿಟ್ಟರು. ಒಳಗೆ ಉಸಿರು ಕಟ್ಟಿತು, ಕಾಯಿಲೆ ಹೆಚ್ಚಿತು. ಇದು ಬೆಳಕು, ಗಾಳಿಯ ಮೇಲಿನ ತೆರಿಗೆ ಎಂಬ ಕೂಗೆದ್ದು, 1851ರಲ್ಲಿ ಅದು ರದ್ದಾಯಿತು. ಅಲ್ಲಿನ ಕೆಲವು ಹಳೆಯ ಮನೆಗಳ ಗೋಡೆಯಲ್ಲಿ, ಕಿಟಕಿಯ ಚೌಕಟ್ಟಿನೊಳಗೆ ಬರೀ ಇಟ್ಟಿಗೆ ತುಂಬಿದ ಆ ಕಣ್ಣುಗಳು ಈಗಲೂ ಮುಚ್ಚಿಯೇ ಇವೆ.

ನಮಸ್ಕಾರ.