ಇಂಧನ ಸಬ್ಸಿಡಿ ಮತ್ತು ನಮ್ಮ ಶ್ವಾಸಕೋಶ

ಕೇಳುಗರಿಗೆ ನಮಸ್ಕಾರ. ಡೀಸೆಲ್ ಬೆಲೆ ಏರಿದಾಗಲೆಲ್ಲ ಸರ್ಕಾರ ಸಬ್ಸಿಡಿ ಕೊಡಲಿ ಎಂಬ ಬೇಡಿಕೆ ಏಳುತ್ತದೆ. ಬೇಸಿಗೆಯಲ್ಲಿ ಕಾಫಿಗೆ ನೀರು ಹಾಯಿಸಬೇಕಾದ ಬೆಳೆಗಾರರು ಹಾಗೆ ಕೇಳುವುದು ಸಹಜವೇ. ಆದರೆ ಶ್ವಾಸಕೋಶದ ವೈದ್ಯನಾಗಿ ನಾನು ಇಂದು ಹೇಳಬೇಕಾಗಿರುವುದು ಒಂದೇ ಮಾತು: ಸರ್ಕಾರ ಇಂಧನದ ಬೆಲೆ ಇಳಿಸಿದಾಗ ಉಳಿದ ಬೆಲೆ ಮಾಯವಾಗುವುದಿಲ್ಲ, ಅದನ್ನು ಯಾರೋ ಒಬ್ಬರು ತಮ್ಮ ಆರೋಗ್ಯದಿಂದ ತೆರುತ್ತಾರೆ.

ಡೀಸೆಲ್ ಹೊಗೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮಸಿಯ ಕಣಗಳಿರುತ್ತವೆ. 2.5 ಮೈಕ್ರಾನ್‌ಗಿಂತ ಚಿಕ್ಕದಾದ ಈ ಕಣಗಳು ಮೂಗು, ಗಂಟಲುಗಳ ಕಾವಲನ್ನು ದಾಟಿ ಶ್ವಾಸಕೋಶದ ತುದಿಯ ಗಾಳಿಗೂಡುಗಳವರೆಗೆ ಇಳಿಯುತ್ತವೆ. ಅತಿ ಸೂಕ್ಷ್ಮವಾದವು ರಕ್ತಕ್ಕೂ ಸೇರುತ್ತವೆ. ಆದ್ದರಿಂದಲೇ ಇದರಿಂದ ಉಬ್ಬಸ ಮಾತ್ರವಲ್ಲ, ಹೃದಯಾಘಾತ, ಪಾರ್ಶ್ವವಾಯುಗಳೂ ಬರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿಯೇ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲನೇ ಗುಂಪಿಗೆ ಸೇರಿಸಿದೆ.

ಕೊಡಗಿನ ಸುಂಟಿಕೊಪ್ಪದ ಕಡೆಯ ಕಾಫಿ ತೋಟವೊಂದರಿಂದ ನನ್ನ ಬಳಿಗೆ ಬಂದಿದ್ದ ಒಬ್ಬ ಕಾರ್ಮಿಕರ ವಿಷಯವನ್ನು ನಾನು ಎಲ್ಲ ಕಡೆಯೂ ಹೇಳುತ್ತೇನೆ, ಇಲ್ಲಿಯೂ ಹೇಳಲೇಬೇಕು. ನಾಲ್ಕು ಮೆಟ್ಟಿಲು ಹತ್ತಿದರೆ ಅವರಿಗೆ ಏದುಸಿರು. ಉಸಿರು ಊದಿಸಿ ಪರೀಕ್ಷಿಸಿದಾಗ ಬಹುಕಾಲ ಬೀಡಿ ಸೇದಿದವರಂತೆ ಶ್ವಾಸನಾಳಗಳು ಕಿರಿದಾಗಿದ್ದವು. ಆದರೆ ಅವರು ಬೀಡಿ ಮುಟ್ಟಿದವರೇ ಅಲ್ಲ. ಏನು ಕೆಲಸ ಎಂದು ಕೇಳಿದೆ. "ಹೂಮಳೆ ಬಾರದ ವರ್ಷ ತೋಟಕ್ಕೆ ಮಳೆ ತರಿಸುವವನು ನಾನೇ ಡಾಕ್ಟ್ರೇ" ಎಂದು ಅಭಿಮಾನದಿಂದಲೇ ಹೇಳಿದರು. ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಹೂ ಅರಳಲೆಂದು ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಬಿಡುವಾಗ ಕೆರೆಯ ದಂಡೆಯ ಡೀಸೆಲ್ ಎಂಜಿನ್ ಹಗಲಿರುಳು ಓಡುತ್ತಿತ್ತು. ಎರಡು ಮೂರು ಗಂಟೆಗೊಮ್ಮೆ ಎದ್ದು ಪೈಪು ಬದಲಿಸಬೇಕಾಗಿದ್ದರಿಂದ ಅವರು ಎಂಜಿನ್ ಶೆಡ್ಡಿನಲ್ಲಿಯೇ ಮಲಗುತ್ತಿದ್ದರು. ಹೊರಗೆ ಚಳಿ, ಆದ್ದರಿಂದ ಬಾಗಿಲು ಮುಚ್ಚಿರುತ್ತಿತ್ತು. ಹೊಗೆಕೊಳವೆ ತುಕ್ಕು ಹಿಡಿದು ಮಾಡಿನ ಒಳಗೇ ಮುರಿದಿತ್ತು. ಬೆಳಿಗ್ಗೆ ಮುಖ ತೊಳೆದರೆ ಮೂಗಿನಿಂದ ಕಪ್ಪು ಬರುತ್ತಿತ್ತಂತೆ.

ಆ ಹಳೆಯ ಎಂಜಿನನ್ನು ಏಕೆ ಬದಲಿಸಲಿಲ್ಲ ಎಂದು ತೋಟದ ಮಾಲೀಕರನ್ನೇ ವಿಚಾರಿಸಿದೆ. ಅವರು ಕೆಟ್ಟವರಲ್ಲ, ಚಿಕಿತ್ಸೆಯ ಖರ್ಚನ್ನೂ ಕೊಟ್ಟವರು. ಡೀಸೆಲ್ ಅಗ್ಗವಾಗಿತ್ತು, ಎಂಜಿನ್ ಎಷ್ಟು ಕುಡಿಯುತ್ತದೆ ಎಂದು ಲೆಕ್ಕ ಹಾಕುವ ಅಗತ್ಯವೇ ಬರಲಿಲ್ಲ ಎಂದರು. ಡೀಸೆಲ್ ಬೆಲೆಯನ್ನು ತಗ್ಗಿಸಿಟ್ಟಿದ್ದ ಸರ್ಕಾರದ ನಿಯಂತ್ರಣ 2014ರ ಅಕ್ಟೋಬರಿನಲ್ಲಿ ಹೋಯಿತು. ಬೆಲೆಯ ಬಿಸಿ ತಟ್ಟಿದ ಮೇಲೆ ಆ ತೋಟಕ್ಕೆ ವಿದ್ಯುತ್ ಮೋಟಾರು ಬಂದಿತು. ಆದರೆ ಒಮ್ಮೆ ಹಾಳಾದ ಗಾಳಿಗೂಡುಗಳು ಮತ್ತೆ ಹುಟ್ಟುವುದಿಲ್ಲ. ಲೀಟರಿಗೆ ಉಳಿದ ರೂಪಾಯಿ ತೋಟದ ಲೆಕ್ಕಪುಸ್ತಕದಲ್ಲಿತ್ತು, ಅದರ ಬೆಲೆ ಆ ಮನುಷ್ಯರ ಎದೆಯಲ್ಲಿತ್ತು.

ಇದು ಒಂದು ತೋಟದ ಮಾತಲ್ಲ. ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದಂತೆ 2022ರಲ್ಲಿ ಜಗತ್ತಿನ ಪಳೆಯುಳಿಕೆ ಇಂಧನ ಸಬ್ಸಿಡಿ 7 ಲಕ್ಷ ಕೋಟಿ ಡಾಲರ್. ಅದರಲ್ಲಿ ಬೆಲೆ ಇಳಿಸಲು ನೇರವಾಗಿ ಕೊಟ್ಟದ್ದು 1.3 ಲಕ್ಷ ಕೋಟಿ ಮಾತ್ರ. ಮಿಕ್ಕಿದ್ದರಲ್ಲಿ ಹೆಚ್ಚಿನ ಪಾಲು ಹೊಗೆಯಿಂದಲೂ ಭೂಮಿಯ ಬಿಸಿಯಿಂದಲೂ ಆಗುವ, ಯಾರೂ ಬಿಲ್ಲಿನಲ್ಲಿ ಬರೆಯದ ಹಾನಿ. ಈ ಹಾನಿಯನ್ನೂ ಸೇರಿಸಿ ಇಂಧನಕ್ಕೆ ಪೂರ್ಣ ಬೆಲೆ ಕಟ್ಟಿದರೆ ವರ್ಷಕ್ಕೆ 16 ಲಕ್ಷ ಅಕಾಲ ಮರಣಗಳು ತಪ್ಪುತ್ತವೆ ಎಂದು ಅದೇ ನಿಧಿ ಅಂದಾಜಿಸಿದೆ. ಇಷ್ಟಾದರೂ ಸಬ್ಸಿಡಿಯ ಚರ್ಚೆಗೆ ಆರೋಗ್ಯ ಇಲಾಖೆಯನ್ನು ಏಕೆ ಕರೆಯುವುದಿಲ್ಲ ಎಂಬುದು ನನಗೆ ತಿಳಿಯದು.

ಸಮಯ ಮುಗಿಯುತ್ತಿದೆ. ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಗಳಲ್ಲಿ ಪಡಿತರದ ಸೀಮೆಎಣ್ಣೆಯ ಬುಡ್ಡಿಗಳೂ ಇದೇ ಕೆಲಸ ಮಾಡಿದವು. ದೀಪ ಅಗ್ಗವಾಯಿತು, ಮಕ್ಕಳ ಕೆಮ್ಮು ಉಳಿಯಿತು. ಸೌದೆ ಒಲೆಯ ಮುಂದೆ ಕೂರುವ ಹೆಣ್ಣುಮಕ್ಕಳಿಗೆ ಅಡುಗೆ ಅನಿಲಕ್ಕಾಗಿ ಕೊಡುವ ನೆರವನ್ನು ನಾನು ವಿರೋಧಿಸುವುದಿಲ್ಲ, ಅದು ಹೊಗೆಯನ್ನು ತಗ್ಗಿಸುತ್ತದೆ. ಡೀಸೆಲ್ ಸಬ್ಸಿಡಿಯೆಂದು ಎಂಜಿನ್ನಿಗೆ ಸುರಿಯಬೇಕೆನ್ನುವ ಹಣವನ್ನು ಸೌರ ಪಂಪುಗಳಿಗೂ ತಾಲ್ಲೂಕು ಆಸ್ಪತ್ರೆಗಳ ಉಸಿರಾಟ ಪರೀಕ್ಷೆಯ ಯಂತ್ರಗಳಿಗೂ ಕೊಡಲಿ ಎಂಬುದೇ ನನ್ನ ಬೇಡಿಕೆ. ಡೀಸೆಲ್ ಪಂಪ್ ಇರುವ ಬೆಳೆಗಾರರು ಈ ಬೇಸಿಗೆಗೆ ಮುನ್ನ ಹೊಗೆಕೊಳವೆಯನ್ನು ಮಾಡಿನಿಂದ ಮೇಲಕ್ಕೆ ಏರಿಸಿ, ಕಾವಲಿನವರು ಮಲಗುವ ಜಾಗವನ್ನು ಶೆಡ್ಡಿನಿಂದ ದೂರಕ್ಕೆ ಒಯ್ಯಿರಿ. ಕೆಮ್ಮು ಎರಡು ವಾರ ಮೀರಿದವರು ಆಸ್ಪತ್ರೆಗೆ ಹೋದಾಗ, ಬೀಡಿ ಸೇದುವುದಿಲ್ಲ ಎಂದಷ್ಟೇ ಹೇಳಿ ಸುಮ್ಮನಾಗದೆ, ಯಾವ ಎಂಜಿನ್ನಿನ ಬಳಿ ಎಷ್ಟು ಕಾಲ ಕೆಲಸ ಮಾಡಿದ್ದೀರಿ ಎಂಬುದನ್ನೂ ವೈದ್ಯರಿಗೆ ತಿಳಿಸಿರಿ. ನಮಸ್ಕಾರ.